ಮೂಗಿನ ಮುಂದೆ ನಿಂತ ಮುಷ್ಟಿ

ಪಕ್ಕದಲ್ಲಿದ್ದ ಮಗಳ ಮುಷ್ಟಿ ಆ ಮನುಷ್ಯನ ಮೂಗಿನ ಮುಂದೆ ಬಂದು ನಿಂತುಬಿಟ್ಟಿತು. ಕಾರವಾರದಿಂದ ಅಂಕೋಲೆಗೆ ಹೊರಟ ಬಸ್ಸಿನಲ್ಲಿ ಅವನು ಅವಳ ಸೊಂಟಕ್ಕೆ ಕೈ ಹಾಕಿದ್ದ. ಅವಳ ಕರಾಟೆ ತರಗತಿಯಲ್ಲಿ ಪೆಟ್ಟು ಮೈಗೆ ತಾಗಿಸುವುದೇ ತಪ್ಪು. ಆ ಅಭ್ಯಾಸ ಕೈಯನ್ನು ತಡೆಯಿತು. ಅವನು ನಕ್ಕ. ನಾನು ಕೂಗಾಡಿದರೂ ಬಸ್ಸಿನಲ್ಲಿ ಯಾರೂ ತುಟಿ ಬಿಚ್ಚಲಿಲ್ಲ.

ಮಗಳನ್ನು ಬಾಕ್ಸಿಂಗಿಗೆ ಸೇರಿಸಿದೆ. ಅಲ್ಲಿ ಪೆಟ್ಟು ತಿಂದು, ಪೆಟ್ಟು ಕೊಡುವುದನ್ನು ಕಲಿತಳು. ಮೊನ್ನೆ ಅದೇ ಬಸ್ಸಿನಲ್ಲಿ ಇನ್ನೊಬ್ಬ ಕೈ ಹಾಕಿದ. ಈ ಸಲ ಮುಷ್ಟಿ ನಿಲ್ಲಲಿಲ್ಲ. ಅವನ ಮೂಗಿನಲ್ಲಿ ರಕ್ತ ಕಂಡದ್ದೇ ಎಲ್ಲರಿಗೂ ಬಾಯಿ ಬಂತು. ಎದುರು ಸೀಟಿನ ಹೆಂಗಸು ಅವನಿಗೆ ಕರವಸ್ತ್ರ ಕೊಟ್ಟು, ನನಗೆ ಹೇಳಿದಳು: "ಎಂತಾ ಹುಡ್ಗಿ ಅಕ್ಕಾ ಇದು? ಬಾಯಲ್ಲಿ ಹೇಳೂಕೆ ಆಗ್ತಿರ್ಲಿಲ್ವಾ?"

ಕರಾಟೆಗಿಂತ ಬಾಕ್ಸಿಂಗೇ ಮೇಲು, ಕಣ್ಣಾರೆ ಕಂಡಿದ್ದೇನೆ. ಆದರೆ ಗೆಣ್ಣು ಸುಲಿದ ಮಗಳ ಕೈಯನ್ನು ಹಿಡಿದುಕೊಂಡವಳು ನಾನೊಬ್ಬಳೇ.