ಊಟ ಅಲ್ಲ, ಉಠಾ

ನನ್ನ ಬಾಯಿಗೆ ‘ಠ’ ಬರುವುದಿಲ್ಲ. ಐವತ್ತು ದಾಟಿದ ಹೆಂಗಸು, ಅದೂ ನಾಲ್ಕು ಜನರ ಬಾಯಲ್ಲಿ ಡಾಕ್ಟರ್ ಅನ್ನಿಸಿಕೊಂಡವಳು, ಮೊದಲ ಸಾಲಿಗೇ ಹೀಗೆ ತಪ್ಪೊಪ್ಪಿಕೊಳ್ಳಬಾರದು. ಆದರೆ ಇಡೀ ಆಳಂದಕ್ಕೆ ಗೊತ್ತಿರುವುದನ್ನು ನಿಮ್ಮಿಂದ ಮುಚ್ಚಿಟ್ಟು ಏನು ಬಂತು? ನಾನು ಹುಟ್ಟಿ ಬೆಳೆದದ್ದು ಜೇವರ್ಗಿಯಲ್ಲಿ. ಅಲ್ಲಿ ಘಂಟೆ ಗಂಟಿಯಾಗುತ್ತದೆ, ಫಲ ಪಲವಾಗುತ್ತದೆ, ಯಾರಿಗೂ ಏನೂ ನಷ್ಟವಿಲ್ಲ. ವ್ಯಾಕರಣದವರು ಈ ಅಕ್ಷರಗಳಿಗೆ ಮಹಾಪ್ರಾಣ ಎಂದು ಹೆಸರಿಟ್ಟಿದ್ದಾರೆ. ಉಸಿರು ಒತ್ತಿ ಹೇಳಬೇಕಂತೆ. ‘ಉಸಿರು ಜೋರ್ ಬಿಡ್ರಿ’ ಎಂದು ದಿನವಿಡೀ ರೋಗಿಗಳಿಗೆ ಹೇಳುವ ಫಿಜಿಯೋಥೆರಪಿಸ್ಟ್ ನಾನು. ಒಂದೇ ಒಂದು ಅಕ್ಷರಕ್ಕೆ ಬೇಕಾದಷ್ಟು ಉಸಿರು ನನ್ನಲ್ಲಿಲ್ಲ.

ಮದುವೆಯಾಗಿ ಆಳಂದಕ್ಕೆ ಬಂದು, ಬಸ್ ಸ್ಟ್ಯಾಂಡಿನ ಹಿಂದೆ ಎರಡು ಕೋಣೆಯ ಕ್ಲಿನಿಕ್ ತೆರೆದ ಮೇಲೆ ಗೊತ್ತಾಯಿತು, ನನ್ನ ರೋಗಿಗಳಲ್ಲಿ ಅರ್ಧದಷ್ಟು ಜನ ಗಡಿಯಾಚೆಯಿಂದ ಬರುವ ಮರಾಠಿಯವರು. ತೊಗರಿ ವ್ಯಾಪಾರದ ನನ್ನ ಯಜಮಾನರಿಗೆ ಮರಾಠಿ ಚಿಕ್ಕಂದಿನಿಂದಲೂ ಬಾಯಿಪಾಠ. ನನಗೆ ಬರುತ್ತಿದ್ದದ್ದು ನಾಲ್ಕು ಶಬ್ದ. ಅದರಲ್ಲಿ ಒಂದು ‘ಉಠಾ’, ಅಂದರೆ ‘ಏಳಿ’. ನನ್ನ ಕೆಲಸಕ್ಕೆ ಅದಕ್ಕಿಂತ ಮುಖ್ಯವಾದ ಶಬ್ದ ಇನ್ನೊಂದಿಲ್ಲ.

ಹನ್ನೆರಡು ವರ್ಷದ ಹಿಂದೆ ಬಲಗಾಲು ಮುರಿದುಕೊಂಡ ಒಬ್ಬ ಮರಾಠಿ ಮುದುಕಿಯನ್ನು ಅವರ ಸೊಸೆ ಕರೆತಂದಳು. ಸೊಸೆ ಅಫಜಲಪುರದವಳು, ಕನ್ನಡದ ಮಗಳು. ನಾನು ಅಭ್ಯಾಸಬಲದಿಂದ ‘ಬರ್ರಿ ಆಯಿ’ ಎಂದೆ. ನಮ್ಮ ಕಡೆ ಆಯಿ ಎಂದರೆ ಅಜ್ಜಿ; ಮರಾಠಿಯಲ್ಲಿ ತಾಯಿ. ಬಂದ ಗಳಿಗೆಯಲ್ಲೇ ತನ್ನನ್ನು ತಾಯಿ ಮಾಡಿಕೊಂಡ ಡಾಕ್ಟರನ್ನು ನೋಡಿ ಮುದುಕಿ ಕರಗಿಹೋದರು. ಆ ಸಂಭ್ರಮದಲ್ಲಿ ನಾನು ಗತ್ತಿನಿಂದ ‘ಉಠಾ’ ಎಂದೆ. ಅಂದರೆ, ಹಾಗೆ ಅಂದೆನೆಂದು ತಿಳಿದೆ. ಬಾಯಿಂದ ಬಂದದ್ದು ‘ಊಟಾ’. ಅಫಜಲಪುರದ ಬೀಗರ ಮನೆಯಲ್ಲಿ ಅವರು ಕಲಿತಿದ್ದ ಒಂದೇ ಒಂದು ಕನ್ನಡ ಶಬ್ದ ಅದು. ‘ಝಾಲಂ, ಝಾಲಂ’ ಎಂದರು, ಆಯ್ತು ಆಯ್ತು ಎಂದು. ಮತ್ತು ಕೂತೇ ಇದ್ದರು. ಮರುದಿನವೂ ಅದೇ. ಮೂರನೆಯ ದಿನ ಅವರು ನನಗಾಗಿ ಡಬ್ಬಿಯಲ್ಲಿ ಜೋಳದ ಭಕ್ಕರಿ, ಶೇಂಗಾ ಹಿಂಡಿ ಚಟ್ನಿ ಕಟ್ಟಿಸಿಕೊಂಡು ಬಂದರು. ಡಾಕ್ಟರಬಾಯಿ ಪಾಪ ದಿನಾ ಊಟ ಕೇಳುತ್ತಾಳೆ!

ನಗುವ ಮಾತು ಇಲ್ಲಿಗೆ ಮುಗಿಯಿತು. ಆಯಿ ನನ್ನ ಕೈ ಹಿಡಿದು ಉದ್ದಕ್ಕೆ ಏನೋ ಹೇಳಿದರು, ಕಣ್ಣಲ್ಲಿ ನೀರು ತಂದುಕೊಂಡು. ‘ಏನಂತಾರವಾ?’ ಎಂದು ಸೊಸೆಯನ್ನು ಕೇಳಿದೆ. ‘ಏನಿಲ್ರಿ, ಸುಮ್ನ ಏನರೆ ಅಂತಿರ್ತಾರ’ ಎಂದಳು. ಅಷ್ಟುದ್ದದ ಮಾತಿಗೆ ಇಷ್ಟೇ ಅನುವಾದ. ಆಯಿ ಕೋಲು ಹಿಡಿದು ನಿಲ್ಲುವಷ್ಟಾದರು, ಆಮೇಲೆ ಬರುವುದನ್ನೇ ನಿಲ್ಲಿಸಿದರು. ನನಗೆ ಬಹಳ ಕೆಟ್ಟದೆನಿಸಿತು. ಇನ್ನು ನನ್ನ ರೋಗಿಯ ಮಾತಿಗೂ ನನಗೂ ನಡುವೆ ಮೂರನೆಯವರು ಬೇಡ ಎಂದು ಹಠ ಹಿಡಿದೆ.

ಹಠ ಹಿಡಿಯುವುದು ಸುಲಭ, ಮರಾಠಿ ಕಲಿಯುವುದಲ್ಲ. ಆ ಭಾಷೆ ಮೈಯ ಭಾಗಗಳಿಗೆ ಗಂಡು, ಹೆಣ್ಣು, ನಪುಂಸಕ ಎಂದು ಪಾಲು ಹಂಚಿದೆ. ಮೊಣಕಾಲು ಗಂಡು, ಸೊಂಟ ಹೆಣ್ಣು, ಬೆರಳು ಎರಡೂ ಅಲ್ಲ. ಅದಕ್ಕೆ ತಕ್ಕಂತೆ ಮೊಣಕಾಲು ‘ದುಖತೋ’, ಸೊಂಟ ‘ದುಖತೇ’, ಬೆರಳು ‘ದುಖತಂ’. ಕನ್ನಡದಲ್ಲಿ ಎಲ್ಲವೂ ತಕರಾರಿಲ್ಲದೆ ನೋಯುತ್ತವೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಕಾಯಿಪಲ್ಯೆ ಮಾರುವವಳ ಮೇಲೆ ಪ್ರಯೋಗ ಮಾಡಿದೆ, ಬಸ್ಸಿನಲ್ಲಿ ಪಕ್ಕದವರ ಮನೆಜಗಳಕ್ಕೆ ಕಿವಿಗೊಟ್ಟೆ. ಮೂರು ವರ್ಷಕ್ಕೆ ಜಗಳ ತಿಳಿಯತೊಡಗಿತು. ಜೋಕು ತಿಳಿಯಲು ಆರು ಬೇಕಾಯಿತು. ಬೈಗುಳ ಇನ್ನೂ ಬಂದಿಲ್ಲ. ಕನ್ನಡದ ರೋಗಿಗಳು ನನ್ನನ್ನು ಸಿಡುಕಿ ಅನ್ನುತ್ತಾರೆ. ಮರಾಠಿಯವರ ಲೆಕ್ಕದಲ್ಲಿ ನಾನು ಮಹಾ ಶಾಂತ ಸ್ವಭಾವದವಳು. ‘ನಿನ್ನ ಮರಾಠಿ ಕೇಳಿ ಕೇಳಿ ಆ ಮಂದಿನೇ ಕನ್ನಡ ಕಲೀತಾರ ನೋಡು’ ಎಂದು ಯಜಮಾನರು ಕಿಚಾಯಿಸಿದರು. ಮಕ್ಕಳಿಗೆ ಭಾಷೆ ತಾನಾಗಿ ಅಂಟಿಕೊಳ್ಳುತ್ತದೆ. ನಮ್ಮಂಥವರಿಗೆ ಅಂಟುವುದಿಲ್ಲ, ದಿನಾ ಹಚ್ಚಿಕೊಳ್ಳಬೇಕು. ನಾನು ಹಚ್ಚಿಕೊಳ್ಳುತ್ತಲೇ ಇದ್ದೆ.

ಈ ವರ್ಷ ಯುಗಾದಿ ಕಳೆದ ಮೇಲೆ ಅದೇ ಆಯಿ ಮತ್ತೆ ಬಂದರು. ಈ ಸಲ ಎಡಗಡೆಯ ಸೊಂಟದೆಲುಬು, ಆಪರೇಶನ್ ಆಗಿತ್ತು. ಈಗ ಎದ್ದು ನಡೆಯದಿದ್ದರೆ ಮುಂದೆ ಮಂಚವೇ ಗತಿ. ಜೊತೆಗೆ ಬಂದಿದ್ದ ಸೊಸೆಯನ್ನು ಹೊರಗೆ ಕೂರಿಸಿ, ನಾನೇ ಕೇಳಿದೆ: ‘ಭೀತಿ ವಾಟತೇ ಕಾ?’ ಹೆದರಿಕೆ ಆಗುತ್ತದೆಯೇ?

ಆಯಿ ನನ್ನನ್ನೇ ನೋಡಿದರು. ಆಮೇಲೆ ಹನ್ನೆರಡು ವರ್ಷದ ಹಿಂದಿನ ಅದೇ ಉದ್ದದ ಮಾತು ಹೇಳಿದರು, ಮತ್ತು ಈ ಸಲ ನನಗೆ ಅದು ತಿಳಿಯಿತು. ಮೊದಲ ಸಲ ಕಾಲು ಮುರಿದಾಗ ಹಿತ್ತಲಲ್ಲಿ ಬಿದ್ದು, ಮುಂಜಾನೆಯಿಂದ ಮಧ್ಯಾಹ್ನದವರೆಗೆ ಕೂಗಿದರಂತೆ. ಸೊಸೆಯೂ ಸೇರಿ ಎಲ್ಲರೂ ಹೊಲಕ್ಕೆ ಹೋಗಿದ್ದರು, ಯಾರಿಗೂ ಕೇಳಿಸಲಿಲ್ಲ. ನೋವಿಗಲ್ಲ ಅವರು ಹೆದರುತ್ತಿದ್ದದ್ದು, ಬಿದ್ದು ಕೂಗಿದರೆ ಯಾರೂ ಬಾರದ ಆ ಹೊತ್ತಿಗೆ. ಇಷ್ಟು ತಿಳಿಯಲು ನನಗೆ ಹನ್ನೆರಡು ವರ್ಷ ಹಿಡಿಯಿತಲ್ಲ ಎಂದು ನಾಚಿಕೆಯಾಯಿತು.

‘ಪಡೂ ದೇಣಾರ ನಾಹೀ’ ಎಂದೆ, ಬೀಳಗೊಡುವುದಿಲ್ಲ ಎಂದು. ಅವರ ಎರಡೂ ಕೈ ಹಿಡಿದೆ. ವ್ಯಾಕರಣ ಸರಿಯಿತ್ತು, ಧೈರ್ಯ ಸರಿಯಿತ್ತು. ಎದೆ ತುಂಬ ಉಸಿರೆಳೆದುಕೊಂಡು, ಮಹಾಪ್ರಾಣವನ್ನೆಲ್ಲ ಒಟ್ಟುಗೂಡಿಸಿ ಹೇಳಿದೆ:

‘ಊಟಾ!’

ಆಯಿ ಕಣ್ಣರಳಿಸಿದರು. ಭುಜ ಕುಲುಕುವಂತೆ ನಕ್ಕರು. ‘ಊಟ ನಂತರ!’ ಎಂದರು. ‘ನಂತರ’ ಅವರ ಭಾಷೆಯಲ್ಲೂ ನಂತರವೇ, ನಮ್ಮದರಲ್ಲೂ ನಂತರವೇ. ಹಾಗೆನ್ನುತ್ತಲೇ ನನ್ನ ಕೈ ಬಿಗಿಯಾಗಿ ಹಿಡಿದು ಎದ್ದು ನಿಂತರು. ನಾಲ್ಕು ಹೆಜ್ಜೆ ನಡೆದರು. ಬಾಗಿಲಿಗೆ ಬಂದು ನಿಂತಿದ್ದ ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ.

ಮರುದಿನ ಮುಂಜಾನೆ ಎಂದಿನಂತೆ ಕನ್ನಡಿಯ ಮುಂದೆ ನಿಂತು ಉಠಾ, ಉಠಾ ಎಂದು ತಾಲೀಮು ಶುರು ಮಾಡಿದೆ. ಯಜಮಾನರು ಛಾ ಕಪ್ಪು ಹಿಡಿದು ಬಂದರು.

‘ಆಯಿ ಎದ್ದ್ರಲ್ಲ, ಇನ್ನ್ಯಾಕ ಇದು?’

‘ಆಯಿ ಎದ್ದಾರ್ರಿ,’ ಎಂದೆ. ‘ನನ್ನ ಠ ಇನ್ನೂ ಎದ್ದಿಲ್ಲ.’