ಪಕ್ಕದ ಹಲ್ಲಿನ ಬಣ್ಣ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ನಗೆ ಮಾಸ್ತರ ಎಂದೇ ಕರೆಯುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ, ತಿರುವಿನಲ್ಲಿದ್ದ ಫೋಟೋ ಸ್ಟುಡಿಯೋದ ಯಜಮಾನ. ಆದರೆ ಜನರನ್ನು ನಗಿಸುವುದರಲ್ಲಿ ಎತ್ತಿದ ಕೈ. ಮುಖ ಗಂಟಿಕ್ಕಿಕೊಂಡು ಬಂದ ಗುಮಾಸ್ತನಿರಲಿ, ಹಟ ಹಿಡಿದ ಕೂಸಿರಲಿ, ಲೆನ್ಸಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆದು, ತಾನೇ ಮೊದಲು ಬಾಯಿ ತುಂಬ ನಕ್ಕು, "ಸ್ವಲ್ಪ ಹಲ್ಲು ಬಿಡಿ ಸ್ವಾಮಿ, ನೊಣ ಒಳಗೆ ಹೋದ್ರೆ ನಾನು ಜವಾಬ್ದಾರಿ" ಎಂದರೆ ಸಾಕು, ಎದುರಿದ್ದವರು ನಗಲೇಬೇಕು. ಅಷ್ಟು ಹೊತ್ತಿಗೆ ಫೋಟೋ ಮುಗಿದಿರುತ್ತಿತ್ತು.

ಉಳಿದ ಕೆಲಸ ಹಿಂದಿನ ಕೋಣೆಯ ಕಂಪ್ಯೂಟರಿನಲ್ಲಿ. ಮೊಡವೆ ಒರೆಸುವುದು, ಕಣ್ಣಿನ ಕೆಳಗಿನ ಕಪ್ಪು ತೆಗೆಯುವುದು, ಕೊನೆಗೆ ಹಲ್ಲು ಬೆಳ್ಳಗೆ ಮಾಡುವುದು. ಯಾರೂ ಕೇಳದಿದ್ದರೂ ಮಾಡುತ್ತಿದ್ದ. ಅವನ ಕೈಗೆ ಸಿಕ್ಕಿದ ಯಾವ ಹಲ್ಲೂ ಹಳದಿಯಾಗಿ ಹೊರಗೆ ಹೋದದ್ದಿಲ್ಲ. ಮುಂದಿನ ಕೋಣೆಯಲ್ಲಿ ಹೆಂಡತಿ ಫೋಟೋಗಳನ್ನು ಕತ್ತರಿಸಿ, ಕವರಿಗೆ ಹಾಕಿ, ಬಂದವರನ್ನು ಮಾತಾಡಿಸುತ್ತಿದ್ದಳು. ಅವಳಿಗೆ ನಗು ಬಂದರೆ ಅಂಗೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಅದು ಅವಳ ಸಂಕೋಚ ಎಂದುಕೊಂಡಿದ್ದ ಮಾಸ್ತರ. ನೆಂಟರಿಷ್ಟರ ಮುಂದೆ ಅದನ್ನು ಹೊಗಳಿದ್ದೂ ಉಂಟು.

ಇಂಥವನ ಮುಂದಿನ ಹಲ್ಲೇ ಕೈಕೊಟ್ಟಿತು. ಎಂದೋ ಪೆಟ್ಟು ತಿಂದಿದ್ದ ಹಲ್ಲು ಒಳಗೊಳಗೇ ಸತ್ತು ಕಂದುಬಣ್ಣಕ್ಕೆ ತಿರುಗಿತು. ಹಲ್ಲಿನ ಡಾಕ್ಟರು ಮಾತು ಕಡಿಮೆ, ಕೆಲಸ ಜಾಸ್ತಿ ಎನ್ನುವಂಥ ಹೆಂಗಸು. ರೂಟ್ ಕೆನಾಲ್ ಮುಗಿಸಿ ಹೇಳಿದರು: "ಅರ್ಧ ಹಲ್ಲು ಆಗ್ಲೇ ಹಾಳಾಗಿದೆ, ಉಳಿದಿರೋದು ಮುರಿಯೋಕೆ ಕಾಯ್ತಿದೆ. ಮೇಲೆ ಕ್ಯಾಪ್ ಹಾಕ್ಬೇಕು. ಇನ್ಮೇಲೆ ಮುಚ್ಚಳ ಗಿಚ್ಚಳ ಕಚ್ಚೋ ಚಟ ಬಿಡಿ."

ಆಮೇಲೆ ಸಾಲಾಗಿ ಜೋಡಿಸಿದ ಪುಟ್ಟ ಮಾದರಿ ಹಲ್ಲುಗಳನ್ನು ತಂದು, ಅವನನ್ನು ಕಿಟಕಿಯ ಹತ್ತಿರ ಕೂರಿಸಿ, ಒಂದೊಂದನ್ನೇ ಅವನ ಹಲ್ಲಿನ ಪಕ್ಕ ಹಿಡಿದರು. ಮಾಸ್ತರನ ಕಣ್ಣು ಸಾಲಿನ ತುದಿಯಲ್ಲಿದ್ದ ಅಚ್ಚಬಿಳುಪಿನ ಮೇಲೆ ಬಿತ್ತು.

"ಅದೇ ಇರ್ಲಿ ಡಾಕ್ಟ್ರೇ."

"ಅದು ಬೇಡ. ಪಕ್ಕದ ಹಲ್ಲಿಗೆ ಹೊಂದ್ಬೇಕು. ಕ್ಯಾಪಿನ ಬಣ್ಣ ಆಮೇಲೆ ಬದಲಾಗಲ್ಲ."

"ಪಕ್ಕದ್ದನ್ನ ಆಮೇಲೆ ಬೆಳ್ಳಗೆ ಮಾಡಿಸ್ಕೊಂಡ್ರಾಯ್ತು."

"ಮಾಡಿಸೋದಾದ್ರೆ ಅದನ್ನ ಮೊದಲು ಮಾಡ್ಬೇಕು. ಬಂದ ಬಣ್ಣ ನೋಡ್ಕೊಂಡು ಕ್ಯಾಪ್ ಮಾಡೋದು. ನೀವು ಉಲ್ಟಾ ಹೊರಟಿದೀರಿ."

"ಹಲ್ಲಿನ ವಿಷಯ ನಿಮ್ದು, ಬಣ್ಣದ ವಿಷಯ ನನಗೆ ಬಿಡಿ. ಅದೇ ತಾನೆ ನನ್ನ ಕಸುಬು?"

ಡಾಕ್ಟರು ಮಾದರಿ ಹಲ್ಲುಗಳನ್ನು ಕೆಳಗಿಟ್ಟರು. "ಸರಿ. ಹಾಕಿಸ್ಕೊಳ್ಳೋ ದಿನ ಮನೆಯವರನ್ನ ಕರ್ಕೊಂಡು ಬನ್ನಿ. ಅಂಟಿಸೋಕೆ ಮುಂಚೆ ಬೆಳಕಲ್ಲಿ ಅವರೂ ಒಂದ್ಸಲ ನೋಡ್ಲಿ. ಅಂಟಿಸಿದ ಮೇಲೆ ಬೇಡ ಅಂದ್ರೆ ಕೊಯ್ದೇ ತೆಗೀಬೇಕು."

ಮಾಸ್ತರ ಈ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ತಾತ್ಕಾಲಿಕ ಕ್ಯಾಪಿನಲ್ಲಿ ದಿನ ಕಳೆದು, ಹಾಕಿಸಿಕೊಳ್ಳುವ ದಿನ ಒಬ್ಬನೇ ಹೋದ. ಹೆಂಡತಿ ಬರುತ್ತೇನೆಂದರೂ, "ನಿನಗೇನು ಗೊತ್ತಾಗುತ್ತೆ, ಅಂಗಡಿ ನೋಡ್ಕೊ" ಎಂದಿದ್ದ. ಕುರ್ಚಿಯ ಮೇಲಿನ ದೀಪದಲ್ಲಿ ಕನ್ನಡಿ ನೋಡಿಕೊಂಡ. ಹಲ್ಲು ಫಳಫಳ ಹೊಳೆಯಿತು. ಡಾಕ್ಟರು ಕಿಟಕಿಗೆ ಬನ್ನಿ ಎಂದರೆ, "ಬೆಳಕು ನನಗೆ ಹೊಸದಾ ಡಾಕ್ಟ್ರೇ? ಅಂಟಿಸಿ" ಎಂದುಬಿಟ್ಟ.

ಸ್ಟುಡಿಯೋಗೆ ಬಂದಾಗ ಹೆಂಡತಿ ನೋಡಿದಳು. ನೋಡಿ, "ಹ್ಞೂಂ, ಆಯ್ತಲ್ಲ" ಎಂದಳು, ಅಷ್ಟೆ. ಅವಳು ಹೊಗಳಲಿಲ್ಲ ಎಂಬುದು ಅವನ ತಲೆಗೆ ಹೋಗಲಿಲ್ಲ.

ತಲೆಗೆ ಹೋದದ್ದು ಮಾರನೆಯ ದಿನ. ಅಜ್ಜ ಅಜ್ಜಿ ಮೊಮ್ಮಕ್ಕಳೆಂದು ದೊಡ್ಡ ಸಂಸಾರವೊಂದು ಗ್ರೂಪ್ ಫೋಟೋಗೆ ಬಂದಿತ್ತು. ಮಾಸ್ತರ ಎಲ್ಲರನ್ನೂ ಎತ್ತರ ನೋಡಿ ನಿಲ್ಲಿಸಿ, ದೊಡ್ಡ ದೀಪ ಹಾಕಿ, ಎಂದಿನಂತೆ ಬಾಯಿ ತುಂಬ ನಕ್ಕ. ಮುಂದಿನ ಸಾಲಿನ ಪುಟ್ಟ ಹುಡುಗಿ ಬೆರಳು ತೋರಿಸಿ, "ಅಮ್ಮಾ, ಅಂಕಲ್ ಬಾಯೊಳಗೆ ಒಂದು ಲೈಟ್ ಹಾಕಿದಾರೆ!" ಎಂದಳು.

ತಾಯಿ ಅವಳ ಬಾಯಿ ಮುಚ್ಚಿದಳು. ಅಜ್ಜಿಯ ಭುಜ ಅಲುಗಿತು. ಅಜ್ಜ ಇಲ್ಲದ ಕೆಮ್ಮು ಕೆಮ್ಮಿದರು. ಹಿಂದಿನ ಸಾಲಿನವರು ತುಟಿ ಕಚ್ಚಿಕೊಂಡು ಚಾವಣಿ ನೋಡಿದರು. ಅಷ್ಟು ಜನರಲ್ಲಿ ಒಬ್ಬರನ್ನೂ ನಗಿಸುವ ಕೆಲಸ ಮಾಸ್ತರನಿಗೆ ಉಳಿಯಲಿಲ್ಲ. ಅವನು ಹಿಡಿಯಷ್ಟಾದ. ಫೋಟೋ ಹೇಗೋ ತೆಗೆದ. ಅವರು ಮೆಟ್ಟಿಲಿಳಿದ ಮೇಲೆ ಬೀದಿಯಿಂದ ಕೇಳಿದ ನಗು ಮಾತ್ರ ಅವನ ಬೆನ್ನಿಗೆ ಬಡಿದ ಹಾಗಾಯಿತು.

ಬಾಗಿಲಿನ ಬೆಳಕಿಗೆ ಹೋಗಿ ಕನ್ನಡಿ ಹಿಡಿದ. ಅವನ ಉಳಿದ ಹಲ್ಲುಗಳೆಲ್ಲ ವಯಸ್ಸಿಗೆ ತಕ್ಕ ಹಳದಿ. ನಡುವೆ ಅದೊಂದು ಸುಣ್ಣ ಬಳಿದ ಹಾಗೆ. ಪಕ್ಕದ ಹಲ್ಲಿಗಿಂತ ಒಂದು ಚೂರು ಉದ್ದವೂ ಇತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಬಣ್ಣ ನನಗೆ ಬಿಡಿ ಎಂದದ್ದು ತಾನೇ. ಕಿಟಕಿ ಬೇಡ ಎಂದದ್ದೂ ತಾನೇ. ಯಾರನ್ನು ಬೈಯುವುದು?

ಅಂದಿನಿಂದ ನಗೆ ಮಾಸ್ತರನ ಬಾಯಿಗೆ ಬೀಗ ಬಿತ್ತು. ಮಾತಾಡಿದರೆ ಕೈ ಅಡ್ಡ, ಕಾಫಿ ಕುಡಿದರೆ ಗೋಡೆಯ ಕಡೆ ಮುಖ. ಅವನು ನಗದೆ ಬಂದವರೂ ನಗಲಿಲ್ಲ. ಸ್ಟುಡಿಯೋದಿಂದ ಹೊರಗೆ ಹೋದ ಫೋಟೋಗಳೆಲ್ಲ ಸೂತಕದ ಮನೆಯಲ್ಲಿ ತೆಗೆದಂತಿದ್ದವು. ಒಬ್ಬಾಕೆ ಬಂದು, "ಇದರಲ್ಲಿ ನಾನ್ಯಾಕೆ ಯಾರ ಮೇಲೋ ಕೋಪ ಮಾಡ್ಕೊಂಡಿದೀನಿ?" ಎಂದು ಕವರನ್ನು ಹಿಂದಕ್ಕೆ ಕೊಟ್ಟು ಹೋದಳು. ಹೀಗೇ ಆದರೆ ಬಾಗಿಲು ಮುಚ್ಚಬೇಕಾಗುತ್ತದೆಂದು ಅವನಿಗೆ ಗೊತ್ತಿತ್ತು.

ಕೊನೆಗೆ ತಲೆ ತಗ್ಗಿಸಿಕೊಂಡು ಡಾಕ್ಟರ ಹತ್ತಿರ ಹೋದ. ಅವರು "ನಾನು ಹೇಳಿರಲಿಲ್ಲವೇ" ಎನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು ಅನ್ನಿಸಿತು ಅವನಿಗೆ.

"ಇದನ್ನ ಕೊಯ್ದು ಹೊಸದು ಮಾಡೋಣ. ಆದ್ರೆ ಹಲ್ಲು ಚೆನ್ನಾಗಿದ್ದಾಗಿನ ಫೋಟೋ ಒಂದು ಬೇಕು. ಬಾಯಿ ಬಿಟ್ಟು ನಕ್ಕಿರೋದು. ಎಷ್ಟು ಉದ್ದ ಇತ್ತು, ಅಂಚು ಹೇಗಿತ್ತು, ಅದ್ರಲ್ಲಿ ಗೊತ್ತಾಗುತ್ತೆ. ನಿಮ್ಮ ಹತ್ರ ಫೋಟೋಗೇನು ಬರ."

ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತ. ವರ್ಷಗಟ್ಟಲೆಯ ಫೋಟೋಗಳು. ಒಂದೊಂದನ್ನೇ ತೆರೆದು ದೊಡ್ಡದು ಮಾಡಿದ. ಎಲ್ಲದರಲ್ಲೂ ಅವನ ಹಲ್ಲು ಬೆಳ್ಳಗೆ, ಅಂಚು ತಿದ್ದಿ ಸಮ ಮಾಡಿದ್ದು. ತನ್ನದೇ ಬಾಯಿ ಎಂದು ಹೇಳುವಂಥದ್ದು ಒಂದೂ ಇಲ್ಲ. ಮೂಲ ಫೋಟೋಗಳನ್ನು ಜಾಗ ತಿನ್ನುತ್ತವೆಂದು ಅಳಿಸಿಹಾಕಿದ್ದವನೂ ಅವನೇ.

ಹುಡುಕುತ್ತಾ ಹುಡುಕುತ್ತಾ ಅವನ ಕಣ್ಣು ಪಕ್ಕದಲ್ಲಿದ್ದ ಹೆಂಡತಿಯ ಮೇಲೆ ನಿಂತಿತು. ಅವಳ ಹಲ್ಲು ಪೂರ್ತಿ ಇತ್ತು. ಇದರಲ್ಲೂ, ಅದರಲ್ಲೂ, ಎಲ್ಲದರಲ್ಲೂ. ಅವಳ ಮುಂದಿನ ಹಲ್ಲಿನ ಮೂಲೆ ಮುರಿದಿತ್ತಲ್ಲವೇ? ಸ್ಟುಡಿಯೋ ಶುರು ಮಾಡಿದ ಹೊಸತು. ಅವನು ನೆಲದಲ್ಲಿ ಹಾಗೇ ಬಿಟ್ಟಿದ್ದ ದೀಪದ ವೈರಿಗೆ ಅವಳು ಎಡವಿ ಬಿದ್ದದ್ದು. ಡಾಕ್ಟರಿಗೆ ತೋರಿಸೋಣ ಎಂದಿದ್ದ, ಮುಂದೆ ಹಾಕಿದ್ದ. ಕಂಪ್ಯೂಟರ್ ಬಂದ ಮೇಲೆ ಮೊದಲು ತಿದ್ದಿದ್ದೇ ಆ ಮೂಲೆ. "ನೋಡೇ, ಸರಿ ಮಾಡಿದೆ!" ಎಂದು ಕರೆದು ತೋರಿಸಿದ್ದ. ಅವಳು "ಚೆನ್ನಾಗಿದೆ" ಎಂದು ಒಳಗೆ ಹೋಗಿದ್ದಳು. ಫೋಟೋದಲ್ಲಿ ಸರಿಯಾದದ್ದು ಅವನ ಪಾಲಿಗೆ ಬಾಯಲ್ಲೂ ಸರಿಯಾಗಿಹೋಗಿತ್ತು. ಅವಳ ಕೈ ಬಾಯಿಗೆ ಹೋಗಲು ಶುರುವಾದದ್ದು ಹಲ್ಲು ಮುರಿದಾಗ ಅಲ್ಲ, ಆ ಫೋಟೋ ನೋಡಿದ ಮೇಲೆ. ಈಗ ನೆನಪಾಯಿತು.

ಬಾಗಿಲಲ್ಲಿ ಅವಳೇ ನಿಂತಿದ್ದಳು. "ಏನು ಹುಡುಕ್ತಿದೀರಿ?"

ಹೇಳಿದ. ಅವಳು ಒಳಗೆ ಹೋಗಿ ತನ್ನ ಕೈಚೀಲದಿಂದ ಅಂಚು ಸವೆದ ಒಂದು ಪ್ರಿಂಟ್ ತಂದು ಕೊಟ್ಟಳು. ರೀಲಿನ ಕಾಲದ್ದು, ಇಬ್ಬರೂ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ಓಡಿಬಂದು ತೆಗೆದುಕೊಂಡದ್ದು. ಅವನು ತನ್ನ ಸ್ವಂತ ಹಳದಿ ಹಲ್ಲು ಬಿಟ್ಟು ನಗುತ್ತಿದ್ದ. ಅವಳು ಮುರಿದ ಹಲ್ಲಿನಲ್ಲೇ, ಕೈ ಅಡ್ಡವಿಲ್ಲದೆ ನಗುತ್ತಿದ್ದಳು.

"ಇದನ್ನ ಯಾಕೆ ಇಟ್ಕೊಂಡಿದೀಯ?"

"ಬೇರೆ ಯಾವುದ್ರಲ್ಲೂ ನಾನಿಲ್ಲ ರೀ."

ಅವನು ಪ್ರಿಂಟನ್ನು ಜೋಪಾನವಾಗಿ ಕವರಿಗೆ ಹಾಕಿದ. "ನಾಳೆ ನೀನೂ ಬಾ. ನಿನ್ನ ಹಲ್ಲಿಗೂ ಏನಾದ್ರೂ ಮಾಡಿಸೋಣ."

"ಯಾಕೆ? ಈಗ್ಲೂ ನಾಚಿಕೆ ಆಗುತ್ತಾ ನಿಮಗೆ?"

ಆಗುತ್ತಿತ್ತು. ಅವಳ ಹಲ್ಲಿಗಲ್ಲ.

ಮಾರನೆಯ ದಿನ ಅವಳು ಜೊತೆಗೆ ಬಂದಳು. ಕ್ಲಿನಿಕ್ಕಿನ ಬೆಂಚಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಅವನು ಮೆಲ್ಲಗೆ, "ಆವತ್ತು ನಿನ್ನ ಕರ್ಕೊಂಡು ಬರ್ಬೇಕಿತ್ತು ಕಣೇ. ನೀನಾದ್ರೂ ಬೇಡ ಅಂತಿದ್ದೆ" ಎಂದ. "ಅಂದಿದ್ರೆ ಕೇಳ್ತಿದ್ರಾ? ನಾನಂತೂ ಹಲ್ಲೋ ಟ್ಯೂಬ್‌ಲೈಟೋ ಅಂದ್ಕೊಂಡೆ" ಎಂದಳು ಅವಳು. ಇಬ್ಬರಿಗೂ ನಗು ಬಂತು, ಇಬ್ಬರ ಕೈಯೂ ಬಾಯಿಗೆ ಹೋಯಿತು.

ಮೇಜಿನ ಹಿಂದಿದ್ದ ನರ್ಸಮ್ಮ ತಲೆಯೆತ್ತಿ ನೋಡಿ ಕೇಳಿದರು, "ನಿಮ್ಮಿಬ್ಬರಲ್ಲಿ ತೋರಿಸ್ಕೊಳ್ಳೋರು ಯಾರು?"

ಅವಳು ಕೈ ಕೆಳಗಿಳಿಸಿದಳು. ಮುರಿದ ಹಲ್ಲು ಕಾಣುವಂತೆ, ಗಟ್ಟಿಯಾಗಿ, "ಇವರು. ನಾನು ಹಲ್ಲು ನೋಡೋಕೆ ಬಂದಿದೀನಿ, ಈ ಸಲ ಬಣ್ಣ ಹೊಂದುತ್ತಾ ಅಂತ" ಎಂದಳು.

ಮಾಸ್ತರ ಆ ಮುರಿದ ಮೂಲೆಯನ್ನು ನೋಡಿದ. ಎಷ್ಟೋ ವರ್ಷಗಳಿಂದ ಒಂದೇ ಮನೆಯಲ್ಲಿದ್ದೂ ಅವನು ಅದನ್ನು ನೇರವಾಗಿ ನೋಡಿರಲಿಲ್ಲ. ಅವನ ಕೈ ಮಾತ್ರ ಬಾಯಿಯ ಮೇಲೇ ಇತ್ತು.