ದೂರು ಹೇಳಬಾರದ ಮನೆ

ಮೊಮ್ಮಕ್ಕಳೇ, ನಿಮ್ಮಪ್ಪ ಕೊಚ್ಚಿಯಲ್ಲಿ ಯಾವುದೋ ಮನಸ್ಸಿನ ತರಬೇತಿ ಮುಗಿಸಿ ತಿರುವನಂತಪುರಕ್ಕೆ ಬಂದವನೇ ಮನೆಗೊಂದು ನಿಯಮ ತಂದ. ಇನ್ನು ಯಾರೂ ದೂರು ಹೇಳುವಂತಿಲ್ಲ. ಹೇಗಿದ್ದೀಯ ಎಂದರೆ ಚೆನ್ನಾಗಿದ್ದೇನೆ ಎನ್ನಬೇಕು. ಹೇಳುತ್ತ ಹೇಳುತ್ತ ಹಾಗೇ ಆಗಿಬಿಡುತ್ತೇವಂತೆ. ಮೊದಲೇ ಬಾಯಿಲ್ಲದವಳು ನಾನು. ಮನೆಗೆಲ್ಲ ಒಳ್ಳೆಯ ವಿದ್ಯಾರ್ಥಿನಿ ಎನಿಸಿಕೊಂಡೆ. ಉಪ್ಪಿಲ್ಲದ ಸಾರನ್ನೂ ಹೊಗಳಿಕೊಂಡೇ ಉಂಡೆವು.

ನನ್ನ ಮಂಡಿ ಮಾತ್ರ ತರಬೇತಿಗೆ ಹೋಗಿರಲಿಲ್ಲ. ಒಂದು ದಿನ ಮೆಟ್ಟಿಲು ಹತ್ತಲಾರದೆ ನಡುವೆಯೇ ಕೂತುಬಿಟ್ಟೆ. ಅದನ್ನು ಕಂಡು ಅವನೇ ಉಳ್ಳೂರಿನ ಆಸ್ಪತ್ರೆಗೆ ಕರೆದೊಯ್ದ.

"ಅಮ್ಮೇ, ಸುಖಮಾಣೋ?" ಚೆನ್ನಾಗಿದ್ದೀರಾ ಎಂದು ಡಾಕ್ಟರು ಮಲಯಾಳದಲ್ಲಿ ಕೇಳಿದರು.

"ಸುಖಂ," ಎಂದೆ. ಬಾಯಿಗೆ ಅದೇ ರೂಢಿಯಾಗಿತ್ತು. ನೋವಿದೆಯೇ ಎಂದಾಗಲೂ ಸಂಕೋಚದಿಂದ ನಕ್ಕು ಇಲ್ಲವೆಂದು ತಲೆಯಾಡಿಸಿದೆ. ಅವರು ಮುಂದಿನ ರೋಗಿಯನ್ನು ಕರೆಯಲು ಹೊರಟರು.

"ಅಯ್ಯೋ ಅಮ್ಮಾ, ಇಲ್ಲಾದ್ರೂ ದೂರು ಹೇಳಮ್ಮ! ಹಂಗೇ ವಾಪಸ್ ಕಳಿಸಿಬಿಡ್ತಾರೆ," ಎಂದ ನಿಮ್ಮಪ್ಪ.

"ಹೇಳ್ಲಾ? ಆಮೇಲೆ ಮನೇಲಿ ಪಾಠ ಶುರು ಮಾಡ್ಬಾರ್ದು."

"ಇಲ್ಲಮ್ಮ, ದಮ್ಮಯ್ಯ, ಹೇಳು."

ಹೇಳಿದೆ. ತಿಂಗಳುಗಟ್ಟಲೆ ನುಂಗಿದ್ದನ್ನೆಲ್ಲ ಹೇಳಿದೆ. ಅದನ್ನೆಲ್ಲ ಮಲಯಾಳಕ್ಕೆ ತಿರುಗಿಸುತ್ತ ನಮ್ಮ ಗುರುಗಳು ಬೆವರಿಹೋದರು.

ಮಾತ್ರೆ, ವ್ಯಾಯಾಮದಿಂದ ಈಗ ಮೆಲ್ಲಗೆ ಹತ್ತುತ್ತೇನೆ. ನೀವು ನಗುನಗುತ್ತಲೇ ಇರಿ, ಬೇಡವೆನ್ನುವುದಿಲ್ಲ. ನೋವಾದಾಗ ಮಾತ್ರ ಎಲ್ಲಿ ಎಂದು ಬಾಯಿಬಿಟ್ಟು ಹೇಳಿ.